ಮೂರು ತಪ್ಪಿಗೆ ಬೀಗ

ನಮ್ಮದು ಮಾವಿನ ತಿರುಳು ತೆಗೆದು ಡಬ್ಬಿಗೆ ತುಂಬುವ ಕಂಪನಿ. ಮುಖ್ಯ ಕಚೇರಿ ಕೋಲಾರದಲ್ಲಿ, ಫ್ಯಾಕ್ಟರಿ ಶ್ರೀನಿವಾಸಪುರದಲ್ಲಿ, ಕಾಯಿ ಖರೀದಿಸುವ ಕೇಂದ್ರ ಮುಳಬಾಗಿಲಿನಲ್ಲಿ, ಗೋಡೌನು ಮಾಲೂರಿನಲ್ಲಿ. ಈ ನಾಲ್ಕೂ ಊರುಗಳ ಕಂಪ್ಯೂಟರುಗಳನ್ನು ನೋಡಿಕೊಳ್ಳುವವನು ನಾನೊಬ್ಬನೇ. ನನ್ನ ಹುದ್ದೆಗೆ ಇಂಗ್ಲಿಷಿನಲ್ಲಿ ಉದ್ದನೆಯ ಹೆಸರಿದೆ, ವಿಸಿಟಿಂಗ್ ಕಾರ್ಡಿನಲ್ಲಿ ಒಂದು ಸಾಲಿನಲ್ಲಿ ಹಿಡಿಸುವುದಿಲ್ಲ. ಜನ ಮಾತ್ರ ‘ಕಂಪ್ಯೂಟರ್ ಸಾರ್’ ಎನ್ನುತ್ತಾರೆ. ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೂ ನಾನೇ, ಫ್ಯಾನು ತಿರುಗದಿದ್ದರೂ ನಾನೇ. ಒಮ್ಮೆ ಮುಳಬಾಗಿಲಿನವರು ನೀರಿನ ಮೋಟಾರು ಓಡುತ್ತಿಲ್ಲ ಎಂದು ನನಗೆ ಫೋನು ಮಾಡಿದ್ದರು. ನಾನು ಹೋಗಿ ಸರಿ ಮಾಡಿ ಬಂದೆ ಎಂಬುದನ್ನು ಇಲ್ಲಿ ಹೇಳಬಾರದಿತ್ತು.

ಹೋದ ವರ್ಷ ಸುಗ್ಗಿಗೆ ಮುಂಚೆ ನಮ್ಮನ್ನು ದೂರದ ಒಂದು ದೊಡ್ಡ ಕಂಪನಿ ಕೊಂಡುಕೊಂಡಿತು. ಅವರ ಮುಖ್ಯ ಕಚೇರಿ ಪುಣೆಯಲ್ಲಿ. ಸ್ವಲ್ಪ ದಿನಕ್ಕೇ ಆಜ್ಞೆ ಬಂತು: ನಮ್ಮ ಕಂಪ್ಯೂಟರುಗಳೆಲ್ಲ ಹಳೆಯ ಡೊಮೈನ್ ಬಿಟ್ಟು ಅವರ ಹೊಸ ಡೊಮೈನಿಗೆ ಸೇರಬೇಕು. ಡೊಮೈನ್ ಎಂದರೆ ಬೇರೇನಲ್ಲ, ಒಂದು ಸಂಸ್ಥೆಯ ಕಂಪ್ಯೂಟರುಗಳೆಲ್ಲ ಒಬ್ಬ ಯಜಮಾನನ ಮಾತು ಕೇಳಿಕೊಂಡು ಬಾಳುವ ಕೂಡು ಕುಟುಂಬ. ಯಾರನ್ನು ಒಳಗೆ ಬಿಡಬೇಕು, ಯಾರು ಯಾವ ಕೋಣೆಗೆ ಹೋಗಬಹುದು ಎಂದು ತೀರ್ಮಾನಿಸುವವನು ಆ ಯಜಮಾನ. ಇಷ್ಟು ದಿನ ಆ ಯಜಮಾನ ಕಂಪ್ಯೂಟರು ಕೋಲಾರದಲ್ಲಿ ನನ್ನ ಮೇಜಿನ ಕೆಳಗೇ ಕೂತಿತ್ತು. ಇನ್ನು ಮೇಲೆ ಯಜಮಾನಿಕೆ ಪುಣೆಯದು. ನನ್ನ ಕಾಲ ಕೆಳಗಿನ ಅಧಿಕಾರವನ್ನು ನಾನೇ ಹೊತ್ತುಕೊಂಡು ಹೋಗಿ ಒಪ್ಪಿಸುವ ಕೆಲಸ ಇದು ಎಂಬುದು ಆಗ ನನಗೆ ಹೊಳೆಯಲೇ ಇಲ್ಲ. ನಾನು ಹೊಸ ಶರ್ಟು ಹೊಲಿಸಿಕೊಂಡೆ.

ಎಲ್ಲ ಊರುಗಳಿಗೂ ಹೋಗಿ ಭಾಷಣ ಮಾಡಿದೆ. ಜನಕ್ಕೆ ಅರ್ಥವಾಗಲಿ ಎಂದು, ಹೆಣ್ಣು ಮದುವೆಯಾಗಿ ಗಂಡನ ಮನೆಗೆ ಹೋದ ಹಾಗೆ ಕಂಪ್ಯೂಟರು ಹೊಸ ಮನೆಗೆ ಹೋಗುತ್ತದೆ ಎಂದೆ. ಎಲ್ಲಿಲ್ಲದ ಬುದ್ಧಿವಂತಿಕೆ. ಮುಳಬಾಗಿಲಿನ ಮೇಲ್ವಿಚಾರಕರು ತಲೆದೂಗಿ, “ಹಂಗಾದ್ರೆ ಸಾರ್, ಮುಹೂರ್ತ ನೋಡ್ಲೇಬೇಕು” ಎಂದರು. ಅಲ್ಲಿ ಶನಿವಾರ ಬೆಳಿಗ್ಗೆ ಕೆಲಸ ಶುರು ಮಾಡಬೇಕಾಗಿದ್ದ ನಾನು ರಾಹುಕಾಲ ಕಳೆಯುವ ತನಕ ಜಗಲಿಯ ಮೇಲೆ ಕೂತು ಅವರು ತರಿಸಿಕೊಟ್ಟ ಕಾಫಿ ಕುಡಿದೆ. ಕಂಪ್ಯೂಟರುಗಳಿಗೆ ಅರಿಶಿನ ಕುಂಕುಮವೂ ಆಯಿತು. ಎಲ್ಲ ಮುಗಿದ ಮೇಲೆ ಅಲ್ಲಿ ಒಂದು ಕಂಪ್ಯೂಟರೂ ಕೈಕೊಡಲಿಲ್ಲ. ಇದರಿಂದ ಯಾರೂ ಯಾವ ಪಾಠವನ್ನೂ ಕಲಿಯಬಾರದು ಎಂದು ನನ್ನ ಆಸೆ.

ಭಾಷಣದ ಮುಖ್ಯ ಭಾಗ ಪಾಸ್‌ವರ್ಡಿನದು. ಪಾಸ್‌ವರ್ಡು ಉದ್ದ ಇರಬೇಕು, ದೊಡ್ಡ ಅಕ್ಷರ, ಚಿಕ್ಕ ಅಕ್ಷರ, ಅಂಕಿ, ಚಿಹ್ನೆ ಎಲ್ಲ ಇರಬೇಕು, ಹೆಂಡತಿಗೂ ಹೇಳಬಾರದು. ಮೂರು ಸಲ ತಪ್ಪು ಹಾಕಿದರೆ ಖಾತೆಗೆ ಬೀಗ. ಈ ಮೂರು ಎಂಬ ಲೆಕ್ಕ ನನ್ನದೇ. ಇದಕ್ಕೂ ಮುಂಚೆ ನಡೆದ ವಿಡಿಯೊ ಸಭೆಯಲ್ಲಿ ಪುಣೆಯವರು, “ಹೊಸಬರಲ್ಲವೇ, ಹತ್ತು ಸಲ ತಪ್ಪಲಿ ಬಿಡಿ” ಎಂದಿದ್ದರು. ನಮ್ಮ ಕೋಲಾರದವರೇನು ದಡ್ಡರೇ ಎಂದು ನನಗೆ ಸ್ವಾಭಿಮಾನ ಉಕ್ಕಿ, “ಮೂರು ಸಾಕು” ಎಂದೆ. ಬೀಗ ತೆಗೆಯುವ ಅಧಿಕಾರ ಸ್ಥಳೀಯವಾಗಿ ನನಗೇ ಕೊಡಲೇ ಎಂದೂ ಅವರು ಕೇಳಿದರು. ಇಲ್ಲಿಯವರು ದಾಕ್ಷಿಣ್ಯಕ್ಕೆ ಎಳೆಯುತ್ತಾರೆ, ಅದು ನಿಮ್ಮಲ್ಲೇ ಇರಲಿ ಎಂದು ತ್ಯಾಗಿಯ ಹಾಗೆ ನುಡಿದೆ. ಆ ಸಭೆಯ ರೆಕಾರ್ಡಿಂಗ್ ಈಗಲೂ ಇದೆ. ನೋಡುವ ಧೈರ್ಯ ನನಗಿಲ್ಲ.

ಅದೇ ಸಭೆಯಲ್ಲಿ ಪುಣೆಯ ಅಧಿಕಾರಿ ಇನ್ನೊಂದು ಮಾತು ಹೇಳಿದರು. ಹೊಸ ಪದ್ಧತಿಯಲ್ಲಿ ಲಾಗಿನ್ ಆದ ಹೊತ್ತೇ ಹಾಜರಿಯ ಹೊತ್ತು, ಹತ್ತು ದಾಟಿದರೆ ಅರ್ಧ ದಿನದ ರಜೆ. ಈ ಪದ್ಧತಿಗೆ ಒಗ್ಗದವರನ್ನು ಕೆಲಸದಿಂದ ತೆಗೆಯುವುದಿಲ್ಲ, ಮಾಲೂರಿನ ಗೋಡೌನಿಗೆ ಕಳಿಸುತ್ತೇವೆ. ನನ್ನ ಭಾಷಣದಲ್ಲಿ ಇದನ್ನು ಕೇಳಿ ಮಾಲೂರಿನವರಿಗೆ ಸಿಟ್ಟು ಬಂತು. “ನಮ್ಮೂರೇನು ಅಂಡಮಾನಾ ಸಾರ್?” ಎಂದು ನನ್ನನ್ನು ಕೇಳಿದರು.

ಶ್ರೀನಿವಾಸಪುರದಲ್ಲಿ ಒಬ್ಬರಿಗೆ ಆ ಮಾತು ಬೇರೆ ರೀತಿಯಲ್ಲಿ ತಾಗಿತು. ಫ್ಯಾಕ್ಟರಿಯ ಗೇಟಿನ ಪಕ್ಕ, ಟ್ರ್ಯಾಕ್ಟರುಗಳನ್ನು ನಿಲ್ಲಿಸಿ ಕಾಯಿ ತೂಗುವ ಕಡೆ, ಚೀಟಿ ಕೊಡುವ ಗುಮಾಸ್ತೆ ಒಬ್ಬರಿದ್ದರು. ಎಲ್ಲರೂ ಅವರನ್ನು ಅಕ್ಕ ಎನ್ನುತ್ತಿದ್ದರು, ವಯಸ್ಸಿನಲ್ಲಿ ಅವರಿಗಿಂತ ದೊಡ್ಡವರಾದ ರೈತರೂ. ಮನೆ ಗೌನಿಪಲ್ಲಿಯ ಆಚೆ. ಬೆಳಿಗ್ಗೆ ಎದ್ದು ಹಾಲು ಕರೆದು ಡೈರಿಗೆ ಹಾಕಿ ಮೊದಲ ಬಸ್ಸು ಹತ್ತುವವರು. ಅದು ತಪ್ಪಿದರೆ ಮುಂದಿನ ಬಸ್ಸು ಹೊತ್ತೇರಿದ ಮೇಲೆ. ಹಾಗಾಗಿ ಕಚೇರಿಗೆ ದಿನವೂ ಅವರೇ ಮೊದಲು. ಭಾಷಣ ಮುಗಿದ ಮೇಲೆ ಅವರು ನನ್ನನ್ನು ತಡೆದು ನಿಲ್ಲಿಸಿದರು.

“ಸಾರ್, ನನ್ನನ್ನ ಮಾಲೂರಿಗೆ ಹಾಕ್ದೇ ಇರೋ ಹಂಗೆ ಕಲಿಸ್ಕೊಟ್ಬಿಡಿ. ಅಲ್ಲಿಗೆ ಮೂರು ಬಸ್ಸು. ಹಸು ಕಟ್ಕೊಂಡಿದ್ದೀನಿ, ಮಾರೋಕಾಗಲ್ಲ.”

“ನಾನಿದ್ದೀನಲ್ಲ ಅಕ್ಕಾ,” ಎಂದೆ. ಹೀಗೆ ಹೇಳುವಾಗ ಎದೆ ಸ್ವಲ್ಪ ಮುಂದೆ ಬಂದಿತ್ತು ಎಂದು ನೆನಪು.

ಅಕ್ಕ ಚೆನ್ನಾಗಿಯೇ ಕಲಿತರು. ನಾನು ಕಲಿಯದೆ ಬಿಟ್ಟದ್ದು ಆ ಕಚೇರಿಯ ಒಂದು ವಾಡಿಕೆಯನ್ನು. ಅಲ್ಲಿನ ಹಳೆಯ ಕಂಪ್ಯೂಟರುಗಳು ಏಳುವುದೇ ನಿಧಾನ. ಗುಂಡಿ ಒತ್ತಿ, ಪಾಸ್‌ವರ್ಡು ಹಾಕಿ, ಹೋಗಿ ಟೀ ಕುಡಿದು ಬಂದರೂ ಚಕ್ರ ಸುತ್ತುತ್ತಲೇ ಇರುತ್ತಿತ್ತು. ಆದ್ದರಿಂದ ಮೊದಲು ಬಂದವರು ಎಲ್ಲರ ಕಂಪ್ಯೂಟರುಗಳನ್ನೂ ಅವರವರ ಹೆಸರಿನಲ್ಲಿ ತೆರೆದಿಡುವುದು. ಉಳಿದವರು ಬರುವ ಹೊತ್ತಿಗೆ ಕೆಲಸಕ್ಕೆ ಸಿದ್ಧ. ಮೊದಲು ಎದ್ದವಳು ಒಲೆ ಹಚ್ಚಿ ಎಲ್ಲರಿಗೂ ನೀರು ಕಾಯಿಸಿಟ್ಟ ಹಾಗೆ ಇದೂ ಒಂದು ಉಪಕಾರ, ಅಷ್ಟೆ. ಎಷ್ಟೋ ವರ್ಷದಿಂದ ಅಲ್ಲಿಗೆ ಹೋಗಿಬರುತ್ತಿದ್ದ ನನಗೆ ಇದು ಗೊತ್ತಿರಲಿಲ್ಲ. ಯಾಕೆಂದರೆ ನಾನು ಯಾವತ್ತೂ ಹನ್ನೊಂದಕ್ಕೆ ಮುಂಚೆ ಅಲ್ಲಿಗೆ ಹೋದವನಲ್ಲ.

ಭಾನುವಾರ ಶ್ರೀನಿವಾಸಪುರದ ಸರದಿ. ಎಲ್ಲರನ್ನೂ ಕರೆಸಿ, ಒಬ್ಬೊಬ್ಬರನ್ನೇ ಕೂರಿಸಿ, ನಾನು ಗೋಡೆಯ ಕಡೆ ಮುಖ ಮಾಡಿ ನಿಂತು, ಅವರವರ ಕೈಯಲ್ಲೇ ಹೊಸ ಪಾಸ್‌ವರ್ಡು ಹಾಕಿಸಿದೆ. “ಯಾರಿಗೂ ಹೇಳಲ್ಲ ತಾನೆ?” ಎಂದು ಕೇಳಿದರೆ ಎಲ್ಲರೂ ಇಲ್ಲ ಎಂದು ತಲೆಯಾಡಿಸಿದರು. ನಾನು ಬೈಕು ಹತ್ತಿದೆ. ನನ್ನ ಬೈಕು ಗೇಟು ದಾಟುವ ಮೊದಲೇ ಒಬ್ಬೊಬ್ಬರಾಗಿ ಹೋಗಿ ತಮ್ಮ ತಮ್ಮ ಪಾಸ್‌ವರ್ಡನ್ನು ಅಕ್ಕನ ಕಿವಿಯಲ್ಲಿ ಹೇಳಿಬಂದಿದ್ದರಂತೆ. ಇದು ಮಾತಿಗೆ ತಪ್ಪಿದ್ದು ಎಂದು ಅವರಲ್ಲಿ ಒಬ್ಬರಿಗೂ ಅನ್ನಿಸಿರಲಿಲ್ಲ. ಯಾರಿಗೂ ಹೇಳಬಾರದು ಎಂದರೆ ಹೊರಗಿನವರಿಗೆ ಹೇಳಬಾರದು ಎಂದರ್ಥ. ಅಕ್ಕ ಹೊರಗಿನವರೇ?

ಸೋಮವಾರ ಬೆಳಿಗ್ಗೆ ನಾನು ಮುಳಬಾಗಿಲಿನಲ್ಲಿ ದೋಸೆ ತಿನ್ನುತ್ತಿದ್ದೆ. ನಾಲ್ಕು ಊರುಗಳನ್ನು ಗೆದ್ದ ದಂಡನಾಯಕನಿಗೆ ಒಂದು ದೋಸೆ ಸಾಲದು ಎಂದು ಎರಡನೆಯದಕ್ಕೆ ಹೇಳಿದ್ದೆ. ಅದು ತಟ್ಟೆಗೆ ಬರುವುದಕ್ಕೂ ಫೋನು ಬರುವುದಕ್ಕೂ ಸರಿಹೋಯಿತು. ಶ್ರೀನಿವಾಸಪುರದ ಮ್ಯಾನೇಜರು.

“ಸಾರ್, ಎಲ್ರದ್ದೂ ಲಾಕು!”

“ಎಲ್ರದ್ದೂ ಅಂದ್ರೆ?”

“ಎಲ್ರದ್ದೂ ಅಂದ್ರೆ ಎಲ್ರದ್ದೂ ಸಾರ್. ನಂದೂ. ಗೇಟಲ್ಲಿ ಟ್ರ್ಯಾಕ್ಟರ್ ನಿಂತವೆ, ತೂಕ ಹಾಕಂಗಿಲ್ಲ, ಚೀಟಿ ಕೊಡಂಗಿಲ್ಲ. ಬಿಸಿಲು ಏರ್ತಾ ಐತೆ.”

“ರೀಸ್ಟಾರ್ಟ್ ಮಾಡಿದ್ರಾ?” ಎಂದೆ. ಮನೆಗೆ ಬೆಂಕಿ ಬಿದ್ದಿದೆ ಎಂದರೂ ನನ್ನ ಬಾಯಿಂದ ಮೊದಲು ಬರುವುದು ಇದೇ. ದೋಸೆಯನ್ನು ಅಲ್ಲೇ ಬಿಟ್ಟು ಹೊರಟೆ. ಹೋಟೆಲಿನವರು ಕಟ್ಟಿಕೊಡಲೇ ಎಂದು ಕೇಳಿದರು. ಬೇಡ ಎಂದದ್ದಕ್ಕೆ ಮಧ್ಯಾಹ್ನ ಪಶ್ಚಾತ್ತಾಪವಾಯಿತು.

ಫ್ಯಾಕ್ಟರಿಯ ಗೇಟಿನಿಂದ ಹುಣಸೆ ಮರದ ತನಕ ಟ್ರ್ಯಾಕ್ಟರುಗಳು. ತೋತಾಪುರಿ ಕಾಯಿಯ ವಾಸನೆ ಬಿಸಿಲಿಗೆ ಆಗಲೇ ಸಿಹಿಯಾಗತೊಡಗಿತ್ತು. ನನ್ನ ಹೆಗಲಿನ ಲ್ಯಾಪ್‌ಟಾಪ್ ಚೀಲ ನೋಡಿ ನಾನು ಯಾರೆಂದು ಎಲ್ಲರಿಗೂ ತಿಳಿದುಹೋಯಿತು. “ಏನಪ್ಪಾ, ಮಾವಿನಕಾಯಿಗೂ ಪಾಸ್‌ವರ್ಡು ಕೇಳ್ತೀರಂತೆ? ಮರಕ್ಕೇ ಹಾಕ್ಸಿದ್ರೆ ಕಳ್ರ ಕಾಟಾನಾದ್ರೂ ತಪ್ತಿತ್ತು,” ಎಂದು ಒಬ್ಬ ರೈತರು ಟ್ರ್ಯಾಕ್ಟರಿನ ಮೇಲಿಂದಲೇ ಹೇಳಿದರು. ಎಲ್ಲರೂ ನಕ್ಕರು. ನನಗೂ ನಗು ಬಂತು. ನಕ್ಕರೆ ಹೊಡೆತ ಬೀಳಬಹುದೆಂದು ನಗಲಿಲ್ಲ.

ಒಳಗೆ ಅಕ್ಕ ತಮ್ಮ ಕುರ್ಚಿಯ ಅಂಚಿನಲ್ಲಿ ಕೂತಿದ್ದರು. ನಡೆದದ್ದನ್ನು ಅವರೇ ಹೇಳಿದರು. ಎಂದಿನ ಹಾಗೆ ಮೊದಲು ಬಂದಿದ್ದಾರೆ, ಎಂದಿನ ಹಾಗೆ ಎಲ್ಲರ ಕಂಪ್ಯೂಟರು ತೆರೆಯಲು ಕೂತಿದ್ದಾರೆ. ಕಿವಿಯಲ್ಲಿ ಹೇಳಿದ ಪಾಸ್‌ವರ್ಡುಗಳು ಒಂದೂ ತಪ್ಪದೆ ತಲೆಯಲ್ಲಿವೆ. ಆದರೆ ಯಾವುದು ದೊಡ್ಡ ಅಕ್ಷರ, ಚಿಹ್ನೆ ಎಲ್ಲಿ ಬರಬೇಕು ಎಂದು ಕಿವಿಯಲ್ಲಿ ಹೇಳುವಾಗ ಯಾರೂ ಹೇಳಿರಲಿಲ್ಲ. ಮೊದಲನೆಯ ಕಂಪ್ಯೂಟರು ಮೂರು ಸಲಕ್ಕೆ ಮುಷ್ಕರ ಹೂಡಿತು. ಇದೇಕೋ ಕೆಟ್ಟಿದೆ ಎಂದು ಎರಡನೆಯದಕ್ಕೆ ಹೋದರು. ಹೀಗೆ ಕೊನೆಯ ತನಕ. ಗಾಬರಿಯಲ್ಲಿ ತಮ್ಮದನ್ನೂ ತಪ್ಪು ಹಾಕಿದರು. ಯಾವ ಕಳ್ಳನಿಗೂ ಸಾಧ್ಯವಾಗದ ಕೆಲಸವನ್ನು ಉಪಕಾರ ಮಾಡಲು ಹೋಗಿ ಅವರು ಮುಗಿಸಿದ್ದರು.

“ಈಗ ಮಾಲೂರೇ ಅಲ್ವಾ ಸಾರ್?” ಎಂದರು.

“ಏನೂ ಆಗಲ್ಲ ಅಕ್ಕಾ, ಸುಮ್ನಿರಿ,” ಎಂದೆ. ಆದರೆ ನನಗೆ ಭಯವಾಗಿತ್ತು. ನನ್ನ ಮರ್ಯಾದೆ ಹೋದರೆ ಮತ್ತೆ ಬರುತ್ತದೆ, ಹಿಂದೆಯೂ ಹೋಗಿ ಬಂದಿದೆ. ಅವರ ಮೊದಲ ಬಸ್ಸು, ಹಸು, ಈ ಕಿಟಕಿಯ ಪಕ್ಕದ ಕುರ್ಚಿ, ಇವು ಹೋದರೆ ಬರುವಂಥವಲ್ಲ.

ಪುಣೆಯ ಸಹಾಯವಾಣಿಗೆ ಫೋನು ಮಾಡಿದೆ. ಅತ್ತ ಕಡೆಯ ಹುಡುಗಿ ಬಹಳ ವಿನಯದಿಂದ ದೂರನ್ನು ಕಂಪ್ಯೂಟರಿನಲ್ಲಿ ದಾಖಲಿಸಲು ಹೇಳಿದಳು. ದಾಖಲಿಸಲು ಲಾಗಿನ್ ಆಗಬೇಕು, ಲಾಗಿನ್ ಆಗಲು ಬೀಗ ತೆಗೆಯಬೇಕು ಎಂದೆ. ಬೀಗ ತೆಗೆಯಲು ದೂರು ದಾಖಲಿಸಬೇಕು ಎಂದಳು. ನನ್ನ ಖಾತೆಯಿಂದ ದಾಖಲಿಸುತ್ತೇನೆ ಎಂದರೆ, ಯಾರ ಖಾತೆಗೆ ಬೀಗ ಬಿದ್ದಿದೆಯೋ ಅವರೇ ದಾಖಲಿಸಬೇಕು, ಇಲ್ಲಿ ಸ್ಥಳೀಯ ಅಧಿಕಾರಿಗೆ ಅವಕಾಶವಿಲ್ಲ ಎಂದು ನಮೂದಾಗಿದೆ ಎಂದಳು. ಹಾಗೆಂದು ನಮೂದು ಮಾಡಿಸಿದವನು ಯಾರೆಂದು ಅವಳು ಹೇಳಲಿಲ್ಲ. ಕೊನೆಗೆ ಕೇಳಿದಳು, “ಸರ್, ಒಮ್ಮೆ ರೀಸ್ಟಾರ್ಟ್ ಮಾಡಿ ನೋಡಿದಿರಾ?” ಆ ಕ್ಷಣದಲ್ಲಿ, ಇಷ್ಟು ವರ್ಷ ನನ್ನಿಂದ ಈ ಪ್ರಶ್ನೆ ಕೇಳಿಸಿಕೊಂಡವರೆಲ್ಲರ ಶಾಪ ಒಟ್ಟಿಗೆ ತಗುಲಿತು.

ಕೊನೆಗೆ, ಸಭೆಯಲ್ಲಿ ಮಾತಾಡಿದ್ದ ಪುಣೆಯ ಆ ಅಧಿಕಾರಿಯನ್ನೇ ಫೋನಿನಲ್ಲಿ ಹಿಡಿದೆ. ಅವರು ಒಂದು ಮಾತು ಹೇಳಿದ್ದೇ ಬೀಗಗಳೆಲ್ಲ ತೆರೆದುಕೊಂಡವು. ಟ್ರ್ಯಾಕ್ಟರುಗಳು ಒಂದೊಂದಾಗಿ ತೂಕಕ್ಕೆ ಏರಿದವು. ಇನ್ನೇನು ಮುಗಿಯಿತು ಎನ್ನುವಷ್ಟರಲ್ಲಿ ಅವರು, ಶ್ರೀನಿವಾಸಪುರದವರನ್ನೆಲ್ಲ ವಿಡಿಯೊ ಕರೆಗೆ ಕೂರಿಸಿ ಎಂದರು. ಒಂದೇ ಬೆಳಿಗ್ಗೆ ಒಂದೇ ಕಚೇರಿಯ ಎಲ್ಲ ಖಾತೆಗೂ ಬೀಗ ಬಿದ್ದಿದೆ, ಒಳಗಿನವರು ಯಾರೋ ಬೇಕೆಂದೇ ಮಾಡಿದ್ದಾರೆ, ಯಾರದು ಎಂದು ತಿಳಿಯಬೇಕು.

ನನ್ನ ಲ್ಯಾಪ್‌ಟಾಪಿನ ಮುಂದೆ ಎಲ್ಲರೂ ಒತ್ತಿಕೊಂಡು ನಿಂತರು. ಅಧಿಕಾರಿ ಇಂಗ್ಲಿಷಿನಲ್ಲಿ ಕೇಳಿದರು. ನಾನು ಕನ್ನಡದಲ್ಲಿ ಹೇಳಿದೆ. ಆಮೇಲೆ ಅಕ್ಕ ಸೆರಗು ಸರಿಮಾಡಿಕೊಂಡು ಮುಂದೆ ಬಂದು, ಮೊದಲು ಬಂದವರು ಎಲ್ಲರದ್ದೂ ತೆರೆದಿಡುವುದು ನಮ್ಮಲ್ಲಿ ವಾಡಿಕೆ, ನಾನೇ ಮಾಡಿದ್ದು, ಬೇಕೆಂದು ಮಾಡಿದ್ದಲ್ಲ ಎಂದು ಕನ್ನಡದಲ್ಲಿ ನಿಧಾನವಾಗಿ ಹೇಳಿದರು.

ಅಧಿಕಾರಿ ನನ್ನ ಕಡೆ ನೋಡಿದರು. ಈಗ ಇಂಗ್ಲಿಷಿಗೆ ಮಾಡುವವನು ನಾನು. ಆ ಕ್ಷಣಕ್ಕೆ ನಾಲ್ಕು ಊರುಗಳಲ್ಲಿ ನನ್ನಷ್ಟು ಅಧಿಕಾರ ಇನ್ನಾರಿಗೂ ಇರಲಿಲ್ಲ. ಹೊಸ ಕೀಲಿಮಣೆಗಳಲ್ಲಿ ಏನೋ ದೋಷವಿತ್ತು, ದೊಡ್ಡ ಅಕ್ಷರದ ಗುಂಡಿ ಅಂಟಿಕೊಳ್ಳುತ್ತಿತ್ತು, ಎಲ್ಲರಿಗೂ ಹಾಗೇ ಆಯಿತು, ಮೊದಲು ಗಮನಿಸಿ ತಿಳಿಸಿದವರೇ ಈ ಮೇಡಂ ಎಂದು ನಿರರ್ಗಳವಾಗಿ ಇಂಗ್ಲಿಷಿನಲ್ಲಿ ಹೇಳಿದೆ. ಸುಳ್ಳು ಹೇಳುವಾಗ ನನ್ನ ಇಂಗ್ಲಿಷಿನಲ್ಲಿ ವ್ಯಾಕರಣದ ತಪ್ಪೇ ಆಗುವುದಿಲ್ಲ.

ಅಧಿಕಾರಿ ಗಲ್ಲ ಕೆರೆದುಕೊಂಡರು. ಪಕ್ಕದಲ್ಲಿ ಕೂತಿದ್ದ ಯಾರಿಗೋ, ಮೈಕು ತೆರೆದಿರುವುದು ಮರೆತು, ತೆಲುಗಿನಲ್ಲಿ ಏನೋ ಗೊಣಗಿದರು. ಈ ಮನುಷ್ಯ ಏನನ್ನೋ ಮುಚ್ಚಿಡುತ್ತಿದ್ದಾನೆ ಎಂಬ ಅರ್ಥದ ಮಾತು. ಪುಣೆಯಲ್ಲಿ ಕೂತವರು ತೆಲುಗಿನವರೆಂದು ನನಗೇನು ಗೊತ್ತು! ಗೌನಿಪಲ್ಲಿಯ ಆಚೆಯವರಾದ, ಮನೆಯಲ್ಲಿ ತೆಲುಗೇ ಆಡುವ ಅಕ್ಕನ ಮುಖ ಮಾತ್ರ ತೌರಿನವರು ಸಿಕ್ಕ ಹಾಗೆ ಅರಳಿತು.

“ಸಾರ್, ಅದಿ ನೇನೇ ಚೇಸಿನಾ ಸಾರ್,” ಎಂದು ನಾನೇ ಮಾಡಿದ್ದು ಎನ್ನುವುದನ್ನು ನೇರವಾಗಿ ಅವರಿಗೇ ಹೇಳಿದರು. ಆಮೇಲೆ ತೆಲುಗಿನಲ್ಲೇ ಎಲ್ಲ. ಬಸ್ಸು, ಕಿವಿಯಲ್ಲಿ ಹೇಳಿದ ಪಾಸ್‌ವರ್ಡುಗಳು, ಒಂದಾದ ಮೇಲೊಂದು ಬಿದ್ದ ಬೀಗ. ಕೀಲಿಮಣೆಗೆ ಏನೂ ಆಗಿಲ್ಲ, ಈ ಸಾರ್ ನಮ್ಮ ಮೇಲಿನ ಅಭಿಮಾನಕ್ಕೆ ಹಾಗೆ ಹೇಳಿದರು, ಅವರನ್ನು ಏನೂ ಅನ್ನಬೇಡಿ ಎಂದೂ ಸೇರಿಸಿದರು. ನನ್ನ ಸುಳ್ಳಿಗೆ ನನ್ನ ಎದುರೇ ಕ್ಷಮಾಪಣೆ ಕೇಳಲಾಗುತ್ತಿತ್ತು. ನಾನು ಲ್ಯಾಪ್‌ಟಾಪಿನ ಚಾರ್ಜರನ್ನು ಸರಿಯಾಗಿ ಸಿಕ್ಕಿಸಿದೆಯೇ ಎಂದು ನೋಡಲು ಬಗ್ಗಿದೆ.

ಅಧಿಕಾರಿ ನಡುವೆ ನಕ್ಕರು ಕೂಡ. “ಸರೇ ಅಮ್ಮಾ,” ಆಯ್ತಮ್ಮ ಎಂದು ಎರಡು ಸಲ ಅಂದರು. ಕರೆ ಮುಗಿದ ಮೇಲೆ ನಾನು ಅಕ್ಕನಿಗೆ, “ಯಾಕಕ್ಕಾ, ನಾನು ಹೇಳಿದ್ದು ಸಾಕಾಗಿತ್ತಲ್ಲ?” ಎಂದೆ.

“ಕೀಲಿಮಣೆ ಕೆಟ್ಟಿದೆ ಅಂದ್ರೆ ನಾಳೆ ಯಾರೋ ಬಂದು ನೋಡ್ತಾರೆ ಸಾರ್. ಆಗ ನಿಮ್ಮ ಕೆಲ್ಸಕ್ಕೇ ಕುತ್ತು ಬರ್ತಿತ್ತು. ಬಿಡಿ, ಒಳ್ಳೇವ್ರ ಥರ ಇದಾರೆ, ಏನೂ ಮಾಡಲ್ಲ,” ಎಂದರು. ನನಗೂ ಹಾಗೇ ಅನ್ನಿಸಿತು. ತಮ್ಮ ಭಾಷೆಯವರು, ನಗುತ್ತ ಮಾತಾಡಿದವರು, ಬಿಟ್ಟುಬಿಡುತ್ತಾರೆ ಎಂದುಕೊಂಡೆ.

ಬಿಡಲಿಲ್ಲ. ಆ ತಿಂಗಳು ಮುಗಿಯುವ ಮೊದಲೇ ವರ್ಗಾವಣೆಯ ಆದೇಶ ಬಂತು. ಬಹಳ ಮೃದುವಾದ ಇಂಗ್ಲಿಷು. ಎಲ್ಲರ ಪಾಸ್‌ವರ್ಡೂ ಒಬ್ಬರ ತಲೆಯಲ್ಲಿರುವುದು ಸಂಸ್ಥೆಗೆ ಒಳ್ಳೆಯದಲ್ಲವಾದ್ದರಿಂದ, ಸದರಿಯವರ ಅನುಭವವನ್ನು ಮಾಲೂರಿನಲ್ಲಿ ಬಳಸಿಕೊಳ್ಳಲಾಗುವುದು. ಅದೇ ದಿನ ನನಗೂ ಒಂದು ಮೇಲ್ ಬಂತು. ಡೊಮೈನ್ ಬದಲಾವಣೆಯನ್ನು ಯಶಸ್ವಿಯಾಗಿ ಮುಗಿಸಿದ್ದಕ್ಕೆ ಅಭಿನಂದನೆ, ಜೊತೆಗೆ ಹೂಗುಚ್ಛದ ಚಿತ್ರ. ಅದನ್ನು ನೋಡಿ ನನಗೆ ಅಳು ಬಂತು. ನಾಚಿಕೆಯೂ ಆಯಿತು, ಸಿಟ್ಟೂ ಬಂತು. ಪುಣೆಗೆ ಫೋನು ಮಾಡಿ ಅವರನ್ನು ಅಲ್ಲೇ ಬಿಡಿ ಎಂದು ಬೇಡಿಕೊಂಡೆ. ದಾಕ್ಷಿಣ್ಯಕ್ಕೆ ಎಳೆಯುತ್ತಾರೆ ಎಂದು ನೀವೇ ಹೇಳಿದ್ದಿರಲ್ಲ ಎಂದು ಅಧಿಕಾರಿ ನೆನಪಿಸಿದರು. ಅಕ್ಕನಿಗೆ ಮುಖ ತೋರಿಸಲು ಆಗದೆ ಕೆಲವು ವಾರ ಶ್ರೀನಿವಾಸಪುರದ ದೂರುಗಳನ್ನೆಲ್ಲ ಫೋನಿನಲ್ಲೇ ಮುಗಿಸಿದೆ. ಅಷ್ಟರಲ್ಲಿ ಅವರು ಮಾಲೂರಿಗೆ ಹೋಗಿಯಾಗಿತ್ತು.

ಮಳೆಗಾಲ ಶುರುವಾದ ಮೇಲೆ ಒಂದು ಬೆಳಿಗ್ಗೆ ಪ್ರಿಂಟರ್ ಕೆಟ್ಟಿದೆ ಎಂದು ಮಾಲೂರಿನವರು ಕರೆದರು. ಈ ಸಲ ಬೇಗ ಹೋದೆ. ಎಲ್ಲರೂ ಬಂದು ಕೂತಿದ್ದರು. ಒಂದು ಕುರ್ಚಿ ಮಾತ್ರ ಖಾಲಿ. ಅದರ ಮುಂದಿನ ಕಂಪ್ಯೂಟರನ್ನು ಯಾರೋ ಆನ್ ಮಾಡಿದ್ದರು, ಪರದೆ ಪಾಸ್‌ವರ್ಡು ಕೇಳುತ್ತ ನಿಂತಿತ್ತು. ಪಕ್ಕದ ಮೇಜಿನ ಗುಮಾಸ್ತರು ಗಡಿಯಾರ ನೋಡುವುದು, ನನ್ನನ್ನು ನೋಡುವುದು ಮಾಡುತ್ತಿದ್ದರು. ಕೊನೆಗೆ ಎದ್ದು ಬಂದರು.

“ಸಾರ್, ಬೈಯಲ್ಲ ಅಂದ್ರೆ ಒಂದು ಮಾತು. ಅಕ್ಕಂದು ಬಸ್ಸು ಕೋಲಾರ ಬಿಟ್ಟಿದೆ, ಆದ್ರೆ ಹತ್ತಕ್ಕೆ ಮುಂಚೆ ಬರಲ್ಲ. ದಿನಾ ಹಿಂಗೇ ಅರ್ಧ ದಿನ ಹೋಗ್ತಾ ಐತೆ. ಇವತ್ತು ನಾವೇ ಹಾಕೋಣ ಅಂತ ಫೋನಲ್ಲಿ ಕೇಳ್ಕೊಂಡು ಹಾಕ್ದೆ. ಎರಡು ಸಲ ತಪ್ಪಾಯ್ತು. ಇನ್ನೊಂದೇ ಉಳ್ದಿರೋದು. ಕೈ ಬರ್ತಾ ಇಲ್ಲ.”

ನಾನು ಪ್ರಿಂಟರಿನ ಮುಚ್ಚಳ ಹಾಕಿದೆ. ಹೋಗಿ ಆ ಖಾಲಿ ಕುರ್ಚಿಯಲ್ಲಿ ಕೂತು ಅಕ್ಕನಿಗೆ ಫೋನು ಮಾಡಿದೆ. ಅತ್ತಲಿಂದ ಬಸ್ಸಿನ ಗದ್ದಲ, ಕಂಡಕ್ಟರಿನ ಸೀಟಿ.

“ಅಕ್ಕಾ, ನಾನು. ಒಂದೊಂದೇ ಅಕ್ಷರ ಹೇಳಿ. ದೊಡ್ಡದಾ ಚಿಕ್ಕದಾ ಅದನ್ನೂ ಹೇಳಿ.”

“ನೀವಾ ಸಾರ್?” ಎಂದರು. ಆಮೇಲೆ ಬಸ್ಸಿನ ಸದ್ದಿನ ಮೇಲೆ ಕೇಳುವಂತೆ ಕೂಗಿ ಕೂಗಿ ಹೇಳತೊಡಗಿದರು. ಏನೆಂದು ಇಲ್ಲಿ ಬರೆಯುವುದಿಲ್ಲ, ಅಷ್ಟಾದರೂ ನಿಯಮ ಪಾಲಿಸಬೇಕಲ್ಲ. ಆ ಬಸ್ಸಿನಲ್ಲಿದ್ದವರಿಗೆಲ್ಲ ಅದು ಗೊತ್ತು. ಒಂದೇ ಬೆರಳಿನಲ್ಲಿ, ಹೊಸದಾಗಿ ಕಲಿಯುವವನ ಹಾಗೆ, ಒಂದೊಂದೇ ಗುಂಡಿ ಒತ್ತಿದೆ. ಗುಮಾಸ್ತರು ನನ್ನ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದರು. ಕೊನೆಯ ಗುಂಡಿ ಒತ್ತುವ ಮುಂಚೆ ಎಲ್ಲವನ್ನೂ ಇನ್ನೊಮ್ಮೆ ಹೇಳಿಸಿಕೊಂಡೆ.

ಚಕ್ರ ಸುತ್ತಿತು, ಸುತ್ತಿತು, ಆಮೇಲೆ ತೆರೆದುಕೊಂಡಿತು.

“ಹಾಜರಿ ಬಿತ್ತಾ ಸಾರ್?” ಎಂದು ಅಕ್ಕ ಬಸ್ಸಿನಿಂದ ಕೂಗಿದರು.

“ಬಿತ್ತಕ್ಕಾ,” ಎಂದೆ. “ನಿಧಾನಕ್ಕೆ ಬನ್ನಿ.”